ಹನ್ನೆರಡನೇ ನಿಮಿಷಕ್ಕೆ ಕಟ್ ಆಗುವ ಲೈನು

ಕೆಟ್ಟು ನಿಂತ ವಸ್ತುವನ್ನು ಕಂಡರೆ ಹೆಚ್ಚಿನವರಿಗೆ ಬೇಸರ ಬರುತ್ತದೆ. ನನಗೆ ಹುರುಪು ಬರುತ್ತದೆ. ಈ ಗುಣದಿಂದ ನನಗಾಗಲಿ, ಕೆಟ್ಟ ವಸ್ತುವಿಗಾಗಲಿ ಯಾವತ್ತೂ ಒಳ್ಳೆಯದಾಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಮಿಕ್ಸರ್ ನಾನು ಬಿಚ್ಚಿ ಜೋಡಿಸಿದ ದಿನದಿಂದ ಒಂದೇ ವೇಗದಲ್ಲಿ ತಿರುಗುತ್ತದೆ, ಅದೂ ಜಾರನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದರೆ. ಗೋಡೆ ಗಡಿಯಾರ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ನಾನು ಕೈ ಹಾಕಿದ ಮೇಲೆ ಓಡುವುದನ್ನೇ ಬಿಟ್ಟಿತು. ಇಸ್ತ್ರಿ ಪೆಟ್ಟಿಗೆಯ ವಿಚಾರವನ್ನು ನಾನು ಎತ್ತುವುದಿಲ್ಲ. ಅದನ್ನು ನನ್ನ ಹೆಂಡತಿ ಎತ್ತುತ್ತಾಳೆ, ನೆಂಟರು ಬಂದಾಗಲೆಲ್ಲ. ಇಷ್ಟಾದರೂ ನನಗೆ ಬುದ್ಧಿ ಬಂದಿಲ್ಲ ಎನ್ನುವುದಕ್ಕೆ ಈಗ ಹೇಳಹೊರಟಿರುವ ಸಂಗತಿಯೇ ಸಾಕ್ಷಿ. ನಗಿಸುತ್ತಾ ಹೇಳಬೇಕೆಂದು ಕೂತಿದ್ದೇನೆ. ಕೊನೆಯವರೆಗೆ ಅದು ಸಾಧ್ಯವಾಗುತ್ತದೆಂಬ ಧೈರ್ಯ ನನಗಿಲ್ಲ.

ಈ ರೋಗ ನನಗೆ ಅಂಟಿದ್ದು ನೌಕರಿಯಿಂದ. ಕುಮಟಾದ ಒಂದು ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ನಾನು ಅಟೆಂಡರ್. ಹೊನ್ನಾವರದಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುವವನು. ಪಾಠ ಮಾಡುವವರು ಲೆಕ್ಚರರು. ಗ್ಯಾಲ್ವನೋಮೀಟರ್ ಒರೆಸಿಡುವುದು, ಮುಳ್ಳು ಅಲ್ಲಾಡುತ್ತಿಲ್ಲವೆಂದು ವಿದ್ಯಾರ್ಥಿಗಳು ಮುಖ ಸಪ್ಪೆ ಮಾಡಿಕೊಂಡಾಗ ಸಡಿಲವಾದ ವೈರನ್ನು ಹುಡುಕಿ ಬಿಗಿ ಮಾಡಿಕೊಡುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷ ಹೀಗೆ ಹುಡುಕಿ ಹುಡುಕಿ, ಲೋಕದಲ್ಲಿ ಏನೇ ಕೆಟ್ಟಿದ್ದರೂ ಎಲ್ಲೋ ಒಂದು ವೈರು ಸಡಿಲವಾಗಿರುತ್ತದೆ ಎಂಬ ನಂಬಿಕೆ ನನ್ನಲ್ಲಿ ಬೇರುಬಿಟ್ಟುಬಿಟ್ಟಿದೆ. ಇದರ ಜೊತೆಗೆ ರೆಕಾರ್ಡ್ ಬರೆಯುವ ಅಭ್ಯಾಸ ಬೇರೆ. ಉದ್ದೇಶ, ಬೇಕಾಗುವ ಸಾಮಗ್ರಿ, ವಿಧಾನ, ಅವಲೋಕನ, ಫಲಿತಾಂಶ ಎಂದು ಕ್ರಮವಾಗಿ ಬರೆಯದಿದ್ದರೆ ನನಗೆ ಕೆಲಸ ಮಾಡಿದಂತೆಯೇ ಅನ್ನಿಸುವುದಿಲ್ಲ. ಬಾವಿಯ ಪಂಪು ಕೆಟ್ಟಾಗಲೂ ಗೆರೆ ಎಳೆದು ಒಂದು ಕೋಷ್ಟಕ ಹಾಕಿದ್ದೆ. ರಿಪೇರಿಗೆ ಬಂದವನು ಆ ಹಾಳೆಯನ್ನು ಗಂಭೀರವಾಗಿ ನೋಡಿ, ಮಡಚಿ, ಅದರಲ್ಲಿ ಗ್ರೀಸ್ ಒರೆಸಿಕೊಂಡ.

ನಮಗೆ ಒಬ್ಬಳೇ ಮಗಳು, ಶೈಲಾ. ಮದುವೆಯಾಗಿ ಮಸ್ಕತ್ತಿಗೆ ಹೋದಳು. ಅಳಿಯನಿಗೆ ಅಲ್ಲಿ ದೊಡ್ಡ ಕಟ್ಟಡಗಳ ಎ.ಸಿ. ನೋಡಿಕೊಳ್ಳುವ ಕೆಲಸ. ಮೊದಮೊದಲು ಫೋನಿನಲ್ಲೇ ಮಾತು. ಫೋನಿನ ಮಾತೆಂದರೆ ಈ ಕಡೆಯಿಂದ ಗಂಟಲು ಹರಿಯುವಂತೆ ಊಟವಾಯಿತೇ ಎಂದು ಕೂಗುವುದು, ಆ ಕಡೆಯಿಂದ ಆಯಿತು ಎಂದು ಬರುವುದು, ಮತ್ತೆ ಎಲ್ಲರೂ ಆರಾಮ ಎಂದು ಇಬ್ಬರೂ ಒಟ್ಟಿಗೆ ಹೇಳುವುದು. ಅಷ್ಟಕ್ಕೆ ಮುಗಿಯುತ್ತಿತ್ತು. ಆಮೇಲೆ ನಮ್ಮೂರಿಗೂ ಬ್ರಾಡ್‌ಬ್ಯಾಂಡ್ ಬಂತು. ಕಂಪ್ಯೂಟರಿನ ಮುಂದೆ ಕೂತರೆ ಮುಖ ನೋಡುತ್ತಾ ಎಷ್ಟು ಹೊತ್ತಾದರೂ ಮಾತಾಡಬಹುದು ಎಂದು ಕಾಲೇಜಿನಲ್ಲಿ ಹೇಳಿದರು. ನಾನು ಹುರುಪಿನಲ್ಲಿ ಎಲ್ಲವನ್ನೂ ತಂದು ಜೋಡಿಸಿದೆ. ಆದರೆ ಆ ದೇಶದಲ್ಲಿ ಇಂಟರ್‌ನೆಟ್ಟಿನ ಮೇಲೆ ಮಾತಾಡುವುದಕ್ಕೆ ತಡೆಯಿತ್ತು. ನಮ್ಮ ಕಂಪ್ಯೂಟರು ಇಲ್ಲಿ ಎಷ್ಟು ಗಂಟೆ ಬಾರಿಸಿದರೂ ಅಲ್ಲಿ ಮಗಳಿಗೆ ಕೇಳಿಸುತ್ತಿರಲಿಲ್ಲ. ಇದಕ್ಕೆ ವಿಪಿಎನ್ ಎಂಬುದೊಂದು ಉಪಾಯವಿದೆ, ಅಲ್ಲಿ ಎಲ್ಲರೂ ಹಾಕಿಕೊಳ್ಳುತ್ತಾರೆ, ಆದರೆ ಫೋನಿನಲ್ಲಿ ಅದರ ಹೆಸರು ಹೇಳಬೇಡಿ ಎಂದು ಅಳಿಯ ಹೆದರುತ್ತಲೇ ತಿಳಿಸಿದ.

ವಿಪಿಎನ್ ಎಂದರೇನೆಂದು ಹೆಂಡತಿಗೆ ನಾನು ಅರ್ಧ ಗಂಟೆ ವಿವರಿಸಿದೆ. ಅಲ್ಲಿಂದ ಮಾತು ನೇರ ಹೊರಗೆ ಬರದಂತೆ ಗೇಟು ಹಾಕಿದ್ದಾರೆ. ಆದ್ದರಿಂದ ಮಾತನ್ನು ಒಂದು ಮುಚ್ಚಿದ ಕೊಳವೆಯೊಳಗೆ ಹಾಕಿ ಮೊದಲು ಹಾಲೆಂಡಿಗೆ ಕಳಿಸುತ್ತಾರೆ. ಗೇಟು ಕಾಯುವವನಿಗೆ ಕೊಳವೆ ಕಾಣುತ್ತದೆ, ಒಳಗಿರುವುದು ಕಾಣುವುದಿಲ್ಲ. ಹಾಲೆಂಡಿನಲ್ಲಿ ಕೊಳವೆ ಬಿಚ್ಚಿ ಮಾತನ್ನು ಹೊನ್ನಾವರಕ್ಕೆ ಬಿಡುತ್ತಾರೆ. ಅವಳು ತಾಳ್ಮೆಯಿಂದ ಕೇಳಿ, "ಅಷ್ಟು ಸುತ್ತು ಹಾಕೂದು ಎಂತಕ್ಕೆ? ಮುಂಬೈ ಮೇಲೆ ಬರೂಕೆ ಆಗೂದಿಲ್ವಾ?" ಎಂದಳು. ಹೊನ್ನಾವರದಿಂದ ಕುಮಟಾಕ್ಕೆ ಹೋಗಲು ಸಿರಸಿಯ ಮೇಲೆ ಹೋದಂತಾಯಿತಲ್ಲ ಎಂಬುದು ಅವಳ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ವಿಪಿಎನ್‌ಗೆ ಹಾಲೆಂಡ್ ಎಂದೇ ಹೆಸರಾಯಿತು. ಮಗಳ ಮುಖ ಕಾಣಲು ತಡವಾದರೆ ಅವಳು ಅಡುಗೆಮನೆಯಿಂದಲೇ, "ಹಾಲೆಂಡ್ ಬಂತಾ?" ಎಂದು ಕೇಳುತ್ತಿದ್ದಳು.

ಶುಕ್ರವಾರ ಅಲ್ಲಿ ರಜೆ. ನಮ್ಮ ಸಂಜೆ ಆರಕ್ಕೆ ಮಾತು ಶುರು. ತಾಯಿ ಮಗಳ ಮಾತಿಗೆ ಒಂದು ಕ್ರಮವಿತ್ತು. ಮೊದಲು ಎರಡೂ ಕಡೆಯ ಅಡುಗೆ. ಆಮೇಲೆ ಬಾಡ ಎಂಬ ಊರಿನಲ್ಲಿರುವ ನನ್ನ ಹೆಂಡತಿಯ ಅಕ್ಕನ ಮಂಡಿನೋವು. ಆಮೇಲೆ ಕೇರಿಯಲ್ಲಿ ಯಾರ ಮದುವೆ ನಿಶ್ಚಯವಾಯಿತು, ಯಾರ ಮಗುವಿಗೆ ನಾಮಕರಣವಾಯಿತು ಎಂಬ ವರದಿ. ನಾಮಕರಣಕ್ಕೆ ಬಂದ ಮೇಲೆ ಅವಳ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಸೆರಗನ್ನು ಸುಮ್ಮನೆ ಸರಿಮಾಡಿಕೊಂಡು, ಮುಖವನ್ನು ಪರದೆಯ ಹತ್ತಿರ ತಂದು, "ಎಂತಾರೂ ವಿಶೇಷ ಇತ್ತಾ ಮಗಾ?" ಎಂದು ಕೇಳುತ್ತಿದ್ದಳು. ಮದುವೆಯಾಗಿ ಐದು ವರ್ಷವಾಗಿತ್ತು. ಇದ್ದರೆ ಇದೆ ಎನ್ನಲಿ, ಇಲ್ಲದಿದ್ದರೆ ಇಲ್ಲವೆನ್ನಲಿ, ಮಗಳ ಬಾಯಿಂದ ಒಂದು ಉತ್ತರ ಬಂದರೆ ಸಾಕೆಂದು ಅವಳು ವಾರವಿಡೀ ಶುಕ್ರವಾರಕ್ಕೆ ಕಾಯುತ್ತಿದ್ದಳು. ಆ ಉತ್ತರ ಬರುವ ಮೊದಲೇ ಪರದೆಯ ಮೇಲೆ ಮಗಳ ಮುಖ ಅರ್ಧ ತೆರೆದ ಬಾಯಿಯೊಂದಿಗೆ ಹಾಗೇ ನಿಂತುಬಿಡುತ್ತಿತ್ತು. ಮೋಡೆಮ್ಮಿನ ಹಸಿರು ದೀಪ ಎರಡು ಸಲ ಮಿಣುಕಿ ಆರುತ್ತಿತ್ತು. ಲೈನು ಕಟ್.

ಮತ್ತೆ ಲೈನು ಹತ್ತಿಕೊಳ್ಳಲು ಮೂರ್ನಾಲ್ಕು ನಿಮಿಷ ಬೇಕು. ಅಷ್ಟರಲ್ಲಿ ಅಲ್ಲಿ ಅಳಿಯನ ಸ್ನೇಹಿತರು ಬಂದಿರುತ್ತಿದ್ದರು, ಇಲ್ಲವೇ ಅವರು ಪೇಟೆಗೆ ಹೊರಟಿರುತ್ತಿದ್ದರು. ಮುಂದಿನ ವಾರ ಮಾತಾಡೋಣ ಎಂದು ಮಗಳು ಎರಡು ಸಾಲು ಟೈಪು ಮಾಡಿ ಕಳಿಸುತ್ತಿದ್ದಳು. ನನ್ನ ಹೆಂಡತಿ ಸ್ವಲ್ಪ ಹೊತ್ತು ಆ ಸಾಲುಗಳನ್ನೇ ನೋಡುತ್ತಾ ಕೂತು, ಆಮೇಲೆ ಎದ್ದು ದೇವರ ಮುಂದೆ ದೀಪ ಹಚ್ಚಲು ಹೋಗುತ್ತಿದ್ದಳು. ಆ ಸಂಜೆಗಳು ನಮ್ಮ ಮನೆಯಲ್ಲಿ ಬಹಳ ಸಪ್ಪಗಿರುತ್ತಿದ್ದವು. ನನಗೂ ಸಂಕಟವಾಗುತ್ತಿತ್ತು. ಆದರೆ ನನ್ನ ಸಂಕಟವೆಲ್ಲ ಮೋಡೆಮ್ಮಿನ ಕಡೆಗೆ ತಿರುಗಿಕೊಂಡಿತು. ನೂರು ಹಾಳೆಯ ಒಂದು ನೋಟುಪುಸ್ತಕ ತೆಗೆದು ಮೊದಲ ಪುಟದಲ್ಲಿ, ಉದ್ದೇಶ: ಲೈನು ಕಟ್ ಆಗುವ ಕಾರಣವನ್ನು ಕಂಡುಹಿಡಿಯುವುದು ಎಂದು ಬರೆದೆ.

ನಾಲ್ಕು ವಾರ ಬರೆದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಲೈನು ಮನಬಂದಂತೆ ಕಟ್ ಆಗುತ್ತಿರಲಿಲ್ಲ. ಒಂದು ವಾರ ಹನ್ನೊಂದನೇ ನಿಮಿಷ, ಒಂದು ವಾರ ಹದಿಮೂರು, ಎರಡು ವಾರ ಹನ್ನೆರಡು. ಸರಾಸರಿ ಹನ್ನೆರಡು. ಇಷ್ಟು ಶಿಸ್ತಿನಿಂದ ಕೆಡುವ ಯಂತ್ರವನ್ನು ನಾನು ನನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ. ಮೊದಲು ಕಡಲ ಉಪ್ಪು ಗಾಳಿಯ ಮೇಲೆ ಅನುಮಾನಪಟ್ಟೆ. ಕಂಬದಿಂದ ಮನೆಯವರೆಗಿನ ಜಾಯಿಂಟುಗಳನ್ನೆಲ್ಲ ಲೈನ್‌ಮನ್ ಕೈಯಿಂದ ಬಿಚ್ಚಿಸಿ ಒರೆಸಿ ಕಟ್ಟಿಸಿದೆ. ಮೋಡೆಮ್ ಬಿಸಿಯಾಗುತ್ತದೆಂದು ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟೆ. ಆ ಶುಕ್ರವಾರ ತಾಯಿ ಮಗಳಿಬ್ಬರಿಗೂ ಗಾಳಿಯ ಸದ್ದು ಬಿಟ್ಟು ಏನೂ ಕೇಳಿಸದೆ, ಲೈನು ಕಟ್ ಆದದ್ದು ನಮಗೆ ತಡವಾಗಿ ತಿಳಿಯಿತು. ಬಾಡದ ಅಕ್ಕ ಒಂದು ವಾರ ನಮ್ಮಲ್ಲಿಗೆ ಬಂದು ಮಗಳೊಡನೆ ಇಪ್ಪತ್ತೈದು ನಿಮಿಷ ಮಂಡಿನೋವಿನ ಬಗ್ಗೆಯೇ ಮಾತಾಡಿದಳು. ಅವತ್ತು ಲೈನು ಮಿಸುಕಲಿಲ್ಲ. ಇದನ್ನೂ ಬರೆದುಕೊಂಡು, ಅಕ್ಕನ ದನಿ ದಪ್ಪ, ತಂಗಿಯ ದನಿ ತೆಳು, ತೆಳು ದನಿಯನ್ನು ಕೊಳವೆ ಹಿಡಿದಿಡುವುದಿಲ್ಲವೇನೋ ಎಂದು ತೀರ್ಮಾನಿಸಿದೆ. ಇನ್ನು ಮುಂದೆ ಸ್ವಲ್ಪ ದಪ್ಪ ದನಿಯಲ್ಲಿ ಮಾತಾಡು ಎಂದು ಹೆಂಡತಿಗೆ ಹೇಳಿಯೂ ಬಿಟ್ಟೆ. ಅವಳು ನನ್ನನ್ನು ನೋಡಿದ ನೋಟವನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಕೊನೆಗೆ ಎಲ್ಲ ತಪ್ಪೂ ವಿಪಿಎನ್‌ನದೇ ಎಂದಾಯಿತು. ಪುಕ್ಕಟೆ ಸಿಕ್ಕಿದ್ದು ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಬಾಳದು ಎಂದು ನನಗೆ ಖಾತ್ರಿಯಾಗಿ ಮಗಳಿಗೆ ಬೇರೆಯದನ್ನು ಹಾಕಲು ಹೇಳಿದೆ. ಅವಳು, ಆತು ಅಪ್ಪಾ, ಹಾಕ್ತೆ ಎಂದು ಹಾಕಿದಳು. ಈ ಸಲ ಮಾತು ಜರ್ಮನಿಯ ಮೇಲೆ ಬಂತು, ಹದಿಮೂರನೇ ನಿಮಿಷಕ್ಕೆ ಕಟ್ ಆಯಿತು. ಮೂರನೆಯದರಲ್ಲಿ ಅಮೆರಿಕದ ಮೇಲೆ ಬಂತು, ಹನ್ನೊಂದಕ್ಕೇ ಹೋಯಿತು. ಸೆಟ್ಟಿಂಗಿನಲ್ಲಿ ಅದನ್ನು ಬದಲಿಸು, ಇದನ್ನು ತೆಗೆ, ಕಂಪ್ಯೂಟರನ್ನು ಕಿಟಕಿಯ ಹತ್ತಿರ ಇಡು ಎಂದು ನಾನು ಹೇಳಿದ್ದನ್ನೆಲ್ಲ ಅವಳು ಒಂದು ಮಾತೂ ಎದುರಾಡದೆ ಮಾಡಿದಳು. ನಾನು ನಮ್ಮ ಕಂಪ್ಯೂಟರಿಗೂ ಒಂದು ವಿಪಿಎನ್ ಹಾಕಿದೆ. ಆವತ್ತಿನಿಂದ ನಮ್ಮ ಕಂಪ್ಯೂಟರು ತಾನು ಯುರೋಪಿನಲ್ಲಿದ್ದೇನೆಂದು ನಂಬಿಕೊಂಡು, ಬೆವರೊರೆಸಿಕೊಳ್ಳುತ್ತಾ ಕೂತ ನನಗೆ ಇವತ್ತು ಹಿಮ ಬೀಳುವ ಸಂಭವವಿದೆ, ಮನೆಯಿಂದ ಹೊರಡುವವರು ಎಚ್ಚರಿಕೆಯಿಂದಿರಿ ಎಂದು ತಿಳಿಸತೊಡಗಿತು. ಲೈನು ಮಾತ್ರ ಹನ್ನೆರಡಕ್ಕೆ ಕಟ್ ಆಗುವುದನ್ನು ಬಿಡಲಿಲ್ಲ. ಇದನ್ನು ಓದುತ್ತಿರುವ ನಿಮಗೆ ಕಾರಣ ಈಗಾಗಲೇ ಹೊಳೆದಿರಬಹುದು. ನನಗೆ ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಇಲ್ಲಿ ನಮ್ಮ ಕಡೆಯ ಮಿಸ್ ಕಾಲಿನ ಬಗ್ಗೆ ಒಂದು ಮಾತು ಹೇಳಬೇಕು. ಆ ವರ್ಷಗಳಲ್ಲಿ ನಮ್ಮಲ್ಲಿ ಫೋನು ಎತ್ತಿ ಮಾತಾಡುವುದೆಂದರೆ ಕೊನೆಯ ಉಪಾಯ. ಮೀನು ತರುವ ಗಿರಿಜಾ ನಮ್ಮ ಕೇರಿಯ ತಿರುವಿಗೆ ಬಂದು ತನ್ನ ಮೊಬೈಲಿನಿಂದ ಒಂದು ರಿಂಗು ಕೊಟ್ಟರೆ ಬುಟ್ಟಿಯಲ್ಲಿ ಬಂಗಡೆ ಇದೆ ಎಂದರ್ಥ, ಎರಡು ಕೊಟ್ಟರೆ ದೊಡ್ಡ ಮೀನು. ಟೇಲರನ ಒಂದು ರಿಂಗಿಗೆ ರವಿಕೆ ಹೊಲಿದಾಗಿದೆ ಎಂದರ್ಥ. ನೆರೆಮನೆಯಲ್ಲಿ ಫೋನಿರಲಿಲ್ಲ, ಭಟ್ಕಳದಲ್ಲಿ ಕೆಲಸಕ್ಕಿದ್ದ ಅವರ ಮಗ ಸಂಜೆ ಬಸ್ಸಿನಿಂದಿಳಿದು ನಮ್ಮ ಮನೆಗೆ ಒಂದು ರಿಂಗು ಕೊಡುತ್ತಿದ್ದ, ನಾವು ಗೋಡೆಯ ಮೇಲಿಂದ ಕೂಗಿ ಅವನ ತಾಯಿಗೆ ತಿಳಿಸುತ್ತಿದ್ದೆವು. ನಮ್ಮ ಹಳೇ ಫೋನಿನಲ್ಲಿ ನಂಬರು ಕಾಣುತ್ತಿರಲಿಲ್ಲ, ಕಾಣಬೇಕಾದ ಅಗತ್ಯವೂ ಇರಲಿಲ್ಲ. ಯಾವ ಹೊತ್ತಿನ ರಿಂಗು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಶುಕ್ರವಾರ ಸಂಜೆ ಲೈನು ಕಟ್ ಆಗುವ ಹೊತ್ತಿಗೆ ಒಂದು ರಿಂಗು ಬಂದು ನಿಲ್ಲುತ್ತಿತ್ತು, ನಾನು ಎದ್ದು ಗೋಡೆಯ ಹತ್ತಿರ ಹೋಗಿ ನಿಮ್ಮ ಮಗ ಬಂದ ಎಂದು ಕೂಗುತ್ತಿದ್ದೆ. ಒಂದು ಶುಕ್ರವಾರ ನೆರೆಮನೆಯಾಕೆ, ಅವ ಜ್ವರ ಬಂದು ಬೆಳಿಗ್ಗೆಯಿಂದ ಮನೆಯಲ್ಲೇ ಮಲಗಿದ್ದಾನಲ್ಲ ಎಂದಳು. ಹೌದೇ ಎಂದು ಹೇಳಿ ನಾನು ಮೋಡೆಮ್ಮಿನ ಮುಂದೆ ಬಂದು ಕೂತೆ.

ಕೊನೆಗೆ ಒಂದು ಭಾನುವಾರ ನೋಟುಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಭಟ್ಕಳಕ್ಕೆ ಹೋದೆ. ಕೊಲ್ಲಿ ದೇಶಗಳಿಗೆ ಮಾತಾಡುವ ವಿದ್ಯೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಭಟ್ಕಳದವರನ್ನು ಮೀರಿಸಿದವರಿಲ್ಲ. ಅಲ್ಲಿ ಇರ್ಫಾನ್ ಎಂಬವರ ಕಂಪ್ಯೂಟರ್ ಅಂಗಡಿ. ಒಬ್ಬರೊಡನೆ ನವಾಯತಿಯಲ್ಲಿ, ಫೋನಿನಲ್ಲಿ ಇನ್ನೊಬ್ಬರೊಡನೆ ಉರ್ದುವಿನಲ್ಲಿ, ನನ್ನೊಡನೆ ಕನ್ನಡದಲ್ಲಿ ಏಕಕಾಲಕ್ಕೆ ಮಾತಾಡುತ್ತಿದ್ದರು. ಇಷ್ಟರ ನಡುವೆ ನನ್ನ ನೋಟುಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅದನ್ನು ಹಾಗೆ ಓದಿದವರು ಲೋಕದಲ್ಲಿ ಅವರೊಬ್ಬರೇ. ಓದಿ ಮುಗಿಸಿ, ವಿಪಿಎನ್‌ಗೆ ಎಂತದೂ ಆಗಿಲ್ಲ ಸರ್, ನಿಮ್ಮ ಮನೆಯಲ್ಲಿ ಇನ್ನೊಂದು ಫೋನ್ ಉಂಟಾ ಎಂದು ಕೇಳಿದರು. ಇತ್ತು. ಹೆಂಡತಿಗೆ ಓಡಿ ಬರುವುದು ತಪ್ಪಲೆಂದು ಅಡುಗೆಮನೆಗೊಂದು ಫೋನನ್ನು ನಾನೇ ನನ್ನ ಕೈಯಾರೆ ವೈರೆಳೆದು ಹಾಕಿದ್ದೆ. ಆ ಫೋನಿಗೆ ಹೋಗುವ ವೈರಿಗೆ ಮೊದಲು ಒಂದು ಬಿಳಿ ಡಬ್ಬಿ ಹಾಕಬೇಕು, ಅದು ಫೋನಿನ ಸದ್ದನ್ನೂ ಇಂಟರ್‌ನೆಟ್ಟನ್ನೂ ಬೇರೆ ಮಾಡುತ್ತದೆ, ಡಬ್ಬಿಯಿಲ್ಲದಿದ್ದರೆ ಫೋನು ಒಮ್ಮೆ ರಿಂಗಾದರೂ ಸಾಕು, ಮೋಡೆಮ್ ಲೈನು ಬಿಟ್ಟುಬಿಡುತ್ತದೆ ಎಂದು ಅವರು ತಿಳಿಸಿದರು. ಊರೆಲ್ಲ ಹುಡುಕಿದ ಸಡಿಲು ವೈರು ನನ್ನದೇ ಕೈಕೆಲಸವಾಗಿತ್ತು.

ಆಮೇಲೆ ಅವರು ನೋಟುಪುಸ್ತಕದ ಕೋಷ್ಟಕದ ಮೇಲೆ ಬೆರಳಿಟ್ಟು, "ಕಟ್ ಆದ ಹೊತ್ತು ಬರೆದಿದ್ದೀರಿ. ರಿಂಗ್ ಬಂದದ್ದು ಬರೆದಿಲ್ಲ. ಯಾರು ರಿಂಗ್ ಮಾಡ್ತಾರೆ ಅದನ್ನೂ ನೋಡಿಲ್ಲ" ಎಂದರು. ಇಪ್ಪತ್ತೆಂಟು ವರ್ಷ ಲ್ಯಾಬಿನಲ್ಲಿದ್ದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಡ. ಬಿಳಿ ಡಬ್ಬಿಯನ್ನೂ, ನಂಬರು ತೋರಿಸುವ ಒಂದು ಫೋನನ್ನೂ ತೆಗೆದುಕೊಂಡು ಬಸ್ಸು ಹತ್ತಿದೆ. ಡಬ್ಬಿಯನ್ನು ಅವತ್ತೇ ಹಾಕಿದ್ದರೆ ಈ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಾರಣವನ್ನು ಕಣ್ಣಾರೆ ನೋಡದೆ ಪರಿಹಾರ ಮಾಡಿಬಿಟ್ಟರೆ ಅವಲೋಕನದ ಕೆಳಗೆ ಏನು ಬರೆಯುವುದು? ಆದ್ದರಿಂದ ಡಬ್ಬಿಯನ್ನು ಕಪಾಟಿನಲ್ಲಿಟ್ಟು, ನಂಬರು ತೋರಿಸುವ ಫೋನನ್ನು ಮಾತ್ರ ಹಾಲಿನಲ್ಲಿ ಜೋಡಿಸಿ, ಶುಕ್ರವಾರಕ್ಕೆ ಕಾದೆ.

ಶುಕ್ರವಾರ ಆರಕ್ಕೆ ಹಾಲೆಂಡ್ ಬಂತು. ನಾನು ಪೆನ್ನು ಬಿಚ್ಚಿಕೊಂಡು ಫೋನಿನ ಮುಂದೆ ಸ್ಟೂಲು ಹಾಕಿ ಕೂತೆ. ಅಡುಗೆ ಮುಗಿಯಿತು, ಮಂಡಿನೋವು ಮುಗಿಯಿತು, ತಿರುವಿನ ಮನೆಯ ಮೊಮ್ಮಗುವಿಗೆ ಹೆಸರಿಟ್ಟದ್ದೂ ಮುಗಿಯಿತು. ನನ್ನ ಹಿಂದೆ ಹೆಂಡತಿಯ ದನಿ ಕೆಳಗಿಳಿಯಿತು, ವಿಶೇಷದ ಮಾತು ಬಂತು. ಅದು ಮುಗಿಯುವುದಕ್ಕೂ ಫೋನು ಒಮ್ಮೆ ರಿಂಗಾಗಿ ನಿಲ್ಲುವುದಕ್ಕೂ ಸರಿಹೋಯಿತು. ಹಸಿರು ದೀಪ ಆರಿತು. ಹೊರದೇಶದ ನಂಬರು ಆ ಫೋನುಗಳಲ್ಲಿ ಸರಿಯಾಗಿ ಮೂಡುವುದು ಅಪರೂಪವೆಂದು ಇರ್ಫಾನ್ ಹೇಳಿದ್ದರು. ಅವತ್ತು ಚೆನ್ನಾಗಿಯೇ ಮೂಡಿತ್ತು. ಅದನ್ನು ಬರೆದುಕೊಳ್ಳಲು ನಾನು ಪೆನ್ನು ಊರಿದೆ, ಮೊದಲ ಮೂರು ಅಂಕಿ ಬರೆದೆ, ಆಮೇಲೆ ಕೈ ನಿಂತಿತು. ನನಗೆ ಬಾಯಿಪಾಠವಿದ್ದ ನಂಬರು ಅದು. ಶೈಲಾಳ ಮೊಬೈಲಿನದು.

ಗೋಡೆಯ ಹತ್ತಿರ ಹೋಗಿ ಕೂಗಬೇಕಾದ ಪ್ರಮೇಯ ಇರಲಿಲ್ಲ. ಆದರೂ ಎದ್ದು ಹೊರಗೆ ಹೋಗಿ ಗೋಡೆಯ ಹತ್ತಿರವೇ ನಿಂತೆ. ಮೂರು ವಿಪಿಎನ್ ಬದಲಿಸಿದವಳು, ಕಂಪ್ಯೂಟರನ್ನು ಕಿಟಕಿಯ ಹತ್ತಿರ ಇಡು ಎಂದರೆ ಇಟ್ಟವಳು, ಪ್ರತಿ ಸಲವೂ ಆತು ಅಪ್ಪಾ ಎಂದವಳು, ಎಲ್ಲವನ್ನೂ ತಿಳಿದೇ ಮಾಡಿದ್ದಳು. ನನ್ನ ಮನೆಯ ವೈರಿನ ದೋಷವನ್ನು ಅವಳು ಮಸ್ಕತ್ತಿನಲ್ಲಿ ಕೂತು ನನಗಿಂತ ಮೊದಲು ಕಂಡುಹಿಡಿದಿದ್ದಳು. ಇದರಲ್ಲಿ ಹೆಮ್ಮೆಪಡುವಂಥದ್ದೂ ಒಂದಿಷ್ಟಿದೆ ಎಂದು ಈಗ ಅನ್ನಿಸುತ್ತದೆ. ಅವತ್ತು ಅನ್ನಿಸಲಿಲ್ಲ. ತಾನು ಆಯಿ ಎಂದು ಕರೆಯುವ ಅಮ್ಮನ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನನ್ನ ಮಗಳು ಮೊಬೈಲು ಕೈಯಲ್ಲಿ ಹಿಡಿದುಕೊಂಡೇ ನಗುತ್ತಾ ಮಾತಾಡುತ್ತಿದ್ದಳಲ್ಲ ಎಂದಷ್ಟೇ ಅನ್ನಿಸಿತು.

ಹೆಂಡತಿಗೆ ಏನೂ ಹೇಳಲಿಲ್ಲ. ಮಗಳು ಬೇಕೆಂದೇ ಕಟ್ ಮಾಡುತ್ತಾಳೆ ಎಂದು ತಾಯಿಗೆ ಹೇಗೆ ಹೇಳುವುದು? ಬಿಳಿ ಡಬ್ಬಿ ಕಪಾಟಿನಲ್ಲೇ ಉಳಿಯಿತು. ವಿಪಿಎನ್ನೇ ಹಾಗೆ, ಯಾರ ಕೈಯಲ್ಲೂ ಆಗದು ಎಂದು ಒಂದು ಸುಳ್ಳು ಫಲಿತಾಂಶ ಬರೆದು ಪುಸ್ತಕ ಮುಚ್ಚಿದೆ. ಆದರೆ ಕೈ ಸುಮ್ಮನಿರಬೇಕಲ್ಲ. ಮುಂದಿನ ಶುಕ್ರವಾರ ನಾನು ಇನ್ನೊಂದು ಉಪಾಯ ಹೂಡಿದೆ. ಮಗಳು ಆ ಪಾಪದ ಕೆಲಸವನ್ನು ತಾನೇ ಮಾಡುವುದು ಬೇಡ, ಆ ಹೊತ್ತು ಬಂದಾಗ ನಾನೇ ಮಾಡಿಬಿಡುತ್ತೇನೆ ಎಂದುಕೊಂಡು ಮೊಬೈಲು ಹಿಡಿದು ಜಗಲಿಯಲ್ಲಿ ಕೂತೆ. ಒಳಗೆ ನಾಮಕರಣದ ಸುದ್ದಿ ಮುಗಿದು ದನಿ ಕೆಳಗಿಳಿಯುತ್ತಿದ್ದಂತೆ ನಮ್ಮದೇ ಮನೆಗೆ ಒಂದು ರಿಂಗು ಕೊಟ್ಟೆ. ಲೈನು ಕಟ್ ಆಯಿತು. ಒಂದು ಗಳಿಗೆ ಸಮಾಧಾನವೂ ಆಯಿತು. ನಂಬರು ತೋರಿಸುವ ಫೋನನ್ನು ಹಾಲಿನಲ್ಲಿ ಹಾಕಿದವನು ನಾನೇ ಎಂಬುದು ನೆನಪಾದದ್ದು ಹೆಂಡತಿ ಜಗಲಿಗೆ ಬಂದು ನಿಂತ ಮೇಲೆ.

"ನಂಬ್ರ ನಿಮ್ದೇ ಇತ್ತು" ಎಂದಳು. ನಾನು ಮೊಬೈಲನ್ನು ಕಿಸೆಗೆ ಹಾಕಿಕೊಂಡೆ. "ಶೈಲಾ ಮಾಡೂದು ಸಾಕಾಗೂದಿಲ್ಲ ಅಂತ ನೀವೂ ಶುರು ಮಾಡಿದ್ರಾ?"

ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಮೂರನೇ ವಾರಕ್ಕೇ ಎಂದಳು. ನಾನು ಮೋಡೆಮ್ಮಿನ ದೀಪ ನೋಡುತ್ತಾ ಕೂತಿದ್ದಾಗ ಅವಳು ಮಗಳ ಮುಖ ನೋಡುತ್ತಿದ್ದಳು. ಫೋನು ರಿಂಗಾಗುವ ಮೊದಲು ಪ್ರತಿ ಸಲವೂ ಮಗಳು ಒಮ್ಮೆ ಕೆಳಗೆ ನೋಡುತ್ತಾಳಂತೆ. ಮಡಿಲಲ್ಲಿ ಮೊಬೈಲು ಇಟ್ಟುಕೊಂಡಿರುತ್ತಾಳೆ ಎಂದು ತಿಳಿಯಲು ಅವಳಿಗೆ ನೋಟುಪುಸ್ತಕ ಬೇಕಾಗಿರಲಿಲ್ಲ. ಹಾಗಿದ್ದರೆ ವಾರವಾರವೂ ಅದನ್ನೇ ಕೇಳುವುದು ಯಾಕೆ, ಬಿಟ್ಟುಬಿಡಬಹುದಿತ್ತಲ್ಲ ಎಂದು ನಾನು ಸ್ವಲ್ಪ ಸಿಟ್ಟಿನಿಂದಲೇ ಹೇಳಿದೆ.

"ಕೇಳದೇ ಇದ್ರೆ, ಆಯಿ ಆಸೆ ಬಿಟ್ಳು ಅಂತ ಶೈಲಾಗೆ ಅನ್ಸೂದಿಲ್ವಾ?" ಎಂದಳು. ಮತ್ತೆ, "ಎಂತದೋ ಆಗಿದೆ. ನನ್ನ ಹತ್ರ ಹೇಳೂಕೆ ಆಗೂದಿಲ್ಲ ಅದಕ್ಕೆ, ನನ್ನ ಮುಖ ನೋಡಿ ಹೇಳೂಕೆ ಆಗೂದಿಲ್ಲ. ಬಪ್ಪ ವಾರ ನೀವು ಕೂತ್ಕಂಡು ಮಾತಾಡಿ" ಎಂದು ಒಳಗೆ ಹೋದಳು.

ಹಾಗೆ ಮುಂದಿನ ಶುಕ್ರವಾರ ಮೊದಲ ಬಾರಿಗೆ ಮೋಡೆಮ್ಮಿನ ಮುಂದೆ ಕೂರದೆ ಪರದೆಯ ಮುಂದೆ ಕೂತೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ, ಕ್ಯಾಮೆರಾಕ್ಕೆ ಕಾಣದ ಕಡೆ ನಿಂತಿದ್ದಳು. ಶೈಲಾಳ ಮುಖ ಬಂತು. ಆಯಿ ಎಲ್ಲಿ ಎಂದು ಕೇಳಿದಳು. ಬಾಡಕ್ಕೆ ಹೋಗಿದ್ದಾಳೆ ಎಂದೆ. ಅಡುಗೆ ಏನೆಂದು ಅವಳು ಕೇಳಿದಳು, ನಾನು ಹೇಳಿದೆ. ಅಲ್ಲಿಗೆ ನನ್ನ ಹತ್ತಿರವಿದ್ದ ಮಾತೆಲ್ಲ ಖಾಲಿಯಾಯಿತು. ಮಗಳೊಡನೆ ವೈರಿನ ವಿಚಾರ ಬಿಟ್ಟು ಬೇರೆ ಮಾತಾಡಿ ಎಷ್ಟು ವರ್ಷವಾಗಿತ್ತೋ. ಅವಳೇ ಸುಮ್ಮನಿರಲಾರದೆ, "ಅಪ್ಪಾ, ಲೈನ್ ಸರಿ ಆಯ್ತಾ? ಎಂತ ಆಗಿತ್ತು ಅಂತ ಗೊತ್ತಾಯ್ತಾ?" ಎಂದಳು.

"ಗೊತ್ತಾಯ್ತು ಮಗಾ. ಡಬ್ಬಿ ತಂದಿಟ್ಟಿದ್ದೆ, ಹಾಕಲಿಲ್ಲ. ನಿಂಗೆ ಬೇಕಾದಾಗ ಕಟ್ ಮಾಡ್ಕ."

ಅವಳು ಕೆಳಗೆ ನೋಡಿದಳು. ಮೊಬೈಲು ಮಡಿಲಲ್ಲಿತ್ತೆಂದು ಕಾಣುತ್ತದೆ. ನಾನು ಫೋನು ರಿಂಗಾಗುವುದನ್ನು ಕಾದೆ, ಆಗಲಿಲ್ಲ. ಆಮೇಲೆ ಅವಳು ತಲೆ ಎತ್ತದೆ ಹೇಳುತ್ತಾ ಹೋದಳು. ಒಂದು ದಿನ ಕಂಪ್ಯೂಟರಿನಲ್ಲಿ ದನಿ ಬರುತ್ತಿಲ್ಲವೆಂದು ಮೊಬೈಲಿನಿಂದ ಮನೆಗೆ ಫೋನು ಮಾಡಿದಾಗ ನಮ್ಮ ಲೈನು ಸತ್ತದ್ದನ್ನು ನೋಡಿದಳಂತೆ. ಕಂಪ್ಯೂಟರಿನಲ್ಲಿ ಮಾತು ನಿಲ್ಲಿಸುವ ಕೆಂಪು ಬಟನ್ ಇತ್ತು, ಆದರೆ ಎದುರಿಗೆ ಆಯಿಯ ಮುಖವಿರುವಾಗ ಅದನ್ನು ಒತ್ತಲು ಕೈ ಬರುತ್ತಿರಲಿಲ್ಲವಂತೆ. ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತಂತೆ. ಮೊದಲನೆಯದು ಎರಡನೇ ತಿಂಗಳಿಗೆ. ಎರಡನೆಯದು ಐದು ತಿಂಗಳು ತುಂಬಿದ ಮೇಲೆ; ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳಂತೆ, ಶುಕ್ರವಾರಕ್ಕೆ ಮನೆಗೆ ಬಂದಳಂತೆ. ಆ ಶುಕ್ರವಾರ ನಾನು ಅವಳಿಗೆ ಕಂಪ್ಯೂಟರನ್ನು ಎತ್ತಿ ಕಿಟಕಿಯ ಹತ್ತಿರ ಇಡಲು ಹೇಳಿದ್ದೆ.

ಬಾಗಿಲಲ್ಲಿ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಳಗೆ ಕೂತುಬಿಟ್ಟಿದ್ದಳು. ನಾಲ್ಕು ತಿಂಗಳು ಆ ಲೈನು ಕಟ್ ಆಗದಿರಲಿ ಎಂದು ಮೂರು ದೇಶ ತಿರುಗಿಸಿದವನು ನಾನು. ಈಗ ಅದೊಂದು ಸಲ ಕಟ್ ಆಗಬಾರದೇ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ. ಹಸಿರು ದೀಪ ಅಲುಗದೆ ಉರಿಯುತ್ತಿತ್ತು. ಮಗಳ ದನಿ, ಚಿತ್ರ ಎರಡೂ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಬಂದಿರಲಿಲ್ಲ. ಅವಳು ಅಳುತ್ತಾ, ನಾನು ಏನಾದರೂ ಹೇಳುತ್ತೇನೆಂದು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ನಾನು, "ಅಲ್ಲಿ ಸ್ಪೀಡ್ ಎಷ್ಟು ಬತ್ತದೆ ಮಗಾ?" ಎಂದು ಕೇಳಿದೆ.